ಕಡಲ ಮಟ್ಟದ ಕಾರು, ಬೆಂಗಳೂರಿನ ಜೆಟ್

ಮಾರುತಿ ಬರುವ ಮುಂಚೆ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದವು ಮುಖ್ಯವಾಗಿ ಮೂರೇ ಬಗೆಯ ಕಾರುಗಳು. ಅಂಬಾಸಿಡರ್ ತಯಾರಾಗುತ್ತಿದ್ದುದು ಹೂಗ್ಲಿ ದಂಡೆಯ ಉತ್ತರಪಾಡಾದಲ್ಲಿ, ಫಿಯೆಟ್ ಮುಂಬಯಿಯ ಕುರ್ಲಾದಲ್ಲಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಮದರಾಸಿನಲ್ಲಿ. ಮೂರೂ ಕಡಲ ಮಟ್ಟದ ಊರುಗಳು. ಬೆಂಗಳೂರಾದರೋ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಒತ್ತಡ ಕರಾವಳಿಗಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಕಡಿಮೆ. ನಮ್ಮೂರಿನ ಗ್ಯಾರೇಜುಗಳಲ್ಲಿ ಬೆಳೆದ ಮೈಲೇಜ್ ವಿದ್ಯೆಯ ಮೂಲ ಈ ಎತ್ತರದಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಕಾರ್ಬೊರೇಟರ್‌ಗೆ ಗಾಳಿಯ ರಭಸ ಗೊತ್ತಾಗುತ್ತದೆ, ತೂಕ ಗೊತ್ತಾಗುವುದಿಲ್ಲ. ಹಾಗಾಗಿ ಕುರ್ಲಾದಲ್ಲಿ ಹಾಕಿದ ಜೆಟ್, ಎಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು, ಇಲ್ಲಿಗೆ ಬಂದಾಗ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಬಿಡುತ್ತಿತ್ತು. ಸೋಲೆಕ್ಸ್ ಕಾರ್ಬೊರೇಟರ್‌ನ ಜೆಟ್ಟಿನ ಮೇಲೆ ಅದರ ತೂತಿನ ಅಳತೆ ಕೊರೆದಿರುತ್ತದೆ: 125 ಎಂದರೆ 1.25 ಮಿಲಿಮೀಟರ್. ನಾನು ಕೆಲಸ ಕಲಿತ ಶಿವಾಜಿನಗರದ ಗ್ಯಾರೇಜಿನಲ್ಲಿ ಉಸ್ತಾದ್ ಅವರ ಬಳಿ ಜೆಟ್ಟುಗಳದೇ ಒಂದು ತಗಡಿನ ಡಬ್ಬಿ ಇತ್ತು. ಬೆಂಗಳೂರಿನಲ್ಲೇ ಓಡುವ ಫಿಯೆಟ್‌ಗೆ ಒಂದು ಮೆಟ್ಟಿಲು ಚಿಕ್ಕದು ಹಾಕುತ್ತಿದ್ದರು. ಮಂಗಳೂರಿನ ಗಿರಾಕಿಯಾದರೆ ಕಂಪನಿಯ ಜೆಟ್ಟನ್ನು ಮುಟ್ಟುತ್ತಿರಲಿಲ್ಲ. ಘಾಟಿ ಇಳಿದ ಮೇಲೆ ಗಾಳಿ ದಟ್ಟವಾಗುತ್ತದೆ, ಚಿಕ್ಕ ಜೆಟ್ಟಿನಲ್ಲಿ ಎಂಜಿನ್ ಬಿಸಿಯಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಶಾಲೆಗೆ ಹೋಗದವರು. ಈ ಲೆಕ್ಕವನ್ನು ಅವರು ಕಿವಿಯಿಂದ, ಪ್ಲಗ್ಗಿನ ಬಣ್ಣದಿಂದ ಕಟ್ಟಿಕೊಂಡಿದ್ದರು.

ಆ ಪ್ಲಗ್ ಮಾತ್ರ ನಮ್ಮೂರಿನದು. 1951ರಲ್ಲಿ ಶುರುವಾದ ಮೈಕೋ ಕಂಪನಿಯ ಆಡುಗೋಡಿ ಕಾರ್ಖಾನೆಯಿಂದ ಬರುತ್ತಿತ್ತು. ಗಾಡಿ ಒಳಗೆ ಬಂದ ಕೂಡಲೇ ನಾಲ್ಕೂ ಪ್ಲಗ್ ಬಿಚ್ಚಿ ಸಿಲಿಂಡರ್ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸುವುದು ಹುಡುಗರ ಕೆಲಸ. ತುದಿ ಬಿಸ್ಕತ್ ಬಣ್ಣದ್ದಾದರೆ ಉರಿ ಸರಿ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಬಿಳಿಚಿಕೊಂಡಿದ್ದರೆ ಗಾಳಿ ಜಾಸ್ತಿ. ಒದ್ದೆ ಎಣ್ಣೆ ಅಂಟಿದ್ದರೆ ರಿಂಗ್ ಸವೆದಿದೆ, ಇನ್ನು ಕಾರ್ಬೊರೇಟರ್ ತಿರುವಿ ಉಪಯೋಗವಿಲ್ಲ. ನಾಲ್ಕರಲ್ಲಿ ಒಂದೇ ಕಪ್ಪಾಗಿದ್ದರೆ ದೋಷ ಆ ಸಿಲಿಂಡರ್‌ನದು ಅಥವಾ ಆ ವೈರಿನದು.

ಮೈಲೇಜ್ ಎಂಬ ಚಿಂತೆ ಗಿರಾಕಿಗಳ ತಲೆಗೆ ಗಟ್ಟಿಯಾಗಿ ಹೊಕ್ಕಿದ್ದು 1973ರ ಅಕ್ಟೋಬರ್‌ನ ಅರಬ್–ಇಸ್ರೇಲ್ ಯುದ್ಧದ ನಂತರ. ಮೂರು ಡಾಲರ್ ಆಸುಪಾಸಿನಲ್ಲಿದ್ದ ಒಂದು ಬ್ಯಾರೆಲ್ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರ ಹೋಯಿತು. ಪೆಟ್ರೋಲ್ ಬೆಲೆಯೇರಿಕೆ ಖಂಡಿಸಿ ವಾಜಪೇಯಿ ಅವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋದದ್ದು ಆಗಲೇ. ಅದಕ್ಕೂ ಮುಂಚೆ ಗಾಡಿ ನಿಲ್ಲದೆ ಓಡಿದರೆ ಸಾಕು ಅನ್ನುತ್ತಿದ್ದ ಟ್ಯಾಕ್ಸಿಯವರು ಲೀಟರಿಗೆ ಎಷ್ಟು ಎಂದು ಕೇಳತೊಡಗಿದರಂತೆ. ಆ ದಶಕದ ಕೊನೆಯಲ್ಲಿ ನಾನು ಸ್ಪ್ಯಾನರ್ ಹಿಡಿಯುವ ಹೊತ್ತಿಗೆ ಹತ್ತರಲ್ಲಿ ಏಳೆಂಟು ಗಾಡಿಗಳ ದೂರು ಅದೇ. ಅಂಬಾಸಿಡರ್ ಲೀಟರಿಗೆ 9–10 ಕಿಲೋಮೀಟರ್ ಕೊಟ್ಟರೆ ಮಾಲೀಕ ಸಮಾಧಾನದಿಂದ ಹೋಗುತ್ತಿದ್ದ. ಆರಕ್ಕೋ ಏಳಕ್ಕೋ ಇಳಿದರೆ ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದ.

ಆಗ ಊರೆಲ್ಲ ಕಾರ್ಬೊರೇಟರ್ ಬಿಚ್ಚುವವರೇ. ಜೆಟ್ ಕಟ್ಟಿಕೊಂಡಿದೆ ಎಂದು ತಂತಿ ತೂರಿಸಿ ಚುಚ್ಚುವವರನ್ನು ಕಂಡರೆ ಉಸ್ತಾದ್‌ಗೆ ಸಿಟ್ಟು ಬರುತ್ತಿತ್ತು. ಹಿತ್ತಾಳೆ ಮೆತ್ತಗಿನ ಲೋಹ. ಒಮ್ಮೆ ಚುಚ್ಚಿದರೆ ತೂತು ದೊಡ್ಡದಾಗಿ ಆ ಗಾಡಿ ಮುಂದೆಂದೂ ಮೊದಲಿನ ಮೈಲೇಜ್ ಕೊಡದು. ಗಾಳಿ ಊದಬೇಕು, ಅಷ್ಟೇ. "ಕಾರ್ಬೊರೇಟರ್ ಕೊನೆಗೆ, ಬೇಟಾ. ಮೊದಲು ಗಾಡಿ ತಳ್ಳು" ಅನ್ನುತ್ತಿದ್ದರು. ನ್ಯೂಟ್ರಲ್‌ಗೆ ಹಾಕಿ ಸಮತಟ್ಟು ಜಾಗದಲ್ಲಿ ಒಬ್ಬನೇ ತಳ್ಳಿದರೆ ಅಂಬಾಸಿಡರ್ ಉರುಳಬೇಕು. ಉರುಳದಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಟೈರಿನಲ್ಲಿ ಗಾಳಿ ಕಮ್ಮಿ. ಓಡಿಸಿ ತಂದ ಮೇಲೆ ನಾಲ್ಕೂ ಚಕ್ರದ ಡ್ರಮ್ಮಿನ ಹತ್ತಿರ ಅಂಗೈ ಹಿಡಿಯುವುದು; ಒಂದೇ ಚಕ್ರ ಬಿಸಿಯಾಗಿದ್ದರೆ ಕಳ್ಳ ಸಿಕ್ಕಿದ. ಆಮೇಲೆ ಆಯಿಲ್ ಕಡ್ಡಿ ಎಳೆದು ಮೂಸುವುದು. ಪೆಟ್ರೋಲ್ ವಾಸನೆ ಬಂದರೆ ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲ್ ಎಂಜಿನ್ ಆಯಿಲಿಗೇ ಸೇರುತ್ತಿದೆ. ಆಮೇಲೆ ಚೋಕ್ ಕೇಬಲ್ ಪೂರ್ತಿ ಹಿಂದಕ್ಕೆ ಹೋಗುತ್ತದೆಯೇ, ಪಾಯಿಂಟ್ ಗ್ಯಾಪ್ 15 ಥೌ (ಇಂಚಿನ ಸಾವಿರದಲ್ಲಿ 15 ಪಾಲು) ಇದೆಯೇ, ಟೈಮಿಂಗ್ ಹಿಂದೆ ಬಿದ್ದಿದೆಯೇ ಎಂಬ ಪರೀಕ್ಷೆ.

ಥರ್ಮೋಸ್ಟಾಟ್ ವಿಷಯದಲ್ಲಿ ನಮ್ಮ ಕಸುಬಿನವರ ಮೇಲೆ ನನ್ನ ತಕರಾರಿದೆ. ಎಂಜಿನ್ ಬಿಸಿಯಾಗುತ್ತದೆ ಎಂದು ಅದನ್ನು ಕಿತ್ತೆಸೆಯುವುದು ಎಲ್ಲೆಡೆ ರೂಢಿಯಾಗಿತ್ತು. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಅಂಥ ಎಂಜಿನ್ ಬೆಚ್ಚಗಾಗುವುದೇ ಇಲ್ಲ. ಮಾಲೀಕ ಚೋಕ್ ಎಳೆದುಕೊಂಡೇ ಆಫೀಸು ಸೇರುತ್ತಾನೆ. ಎಷ್ಟೋ ಗಾಡಿಗಳ ಪೆಟ್ರೋಲ್ ಹೀಗೆ ಕಾರಣವಿಲ್ಲದೆ ಪೋಲಾಯಿತು.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಕಾರ್ಬೊರೇಟರ್. ಅಂಬಾಸಿಡರ್‌ನ ಎಸ್‌ಯು ಕಾರ್ಬೊರೇಟರ್ ಬಗ್ಗೆ ನನಗಿರುವ ಪ್ರೀತಿ ಇನ್ನೂ ಕಡಿಮೆಯಾಗಿಲ್ಲ. ಸ್ಕಿನ್ನರ್ ಎಂಬ ಇಂಗ್ಲಿಷ್ ಮನೆತನದವರು ಅದನ್ನು 20ನೇ ಶತಮಾನದ ಆರಂಭದಲ್ಲಿ ಮಾಡಿದವರು. ಅವರದು ಪಾದರಕ್ಷೆ ವ್ಯಾಪಾರ, ಮೊದಲ ಕಾರ್ಬೊರೇಟರ್‌ಗಳ ಒಳಗಿದ್ದದ್ದು ಚರ್ಮದ ತಿದಿ. ನಮ್ಮ ಕಾಲಕ್ಕೆ ತಿದಿ ಹೋಗಿ ಪಿಸ್ಟನ್ ಬಂದಿತ್ತು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ಕಿವಿಗೊಡಬೇಕು. ಸದ್ದು ಏರಿ ಏರಿದಂತೆಯೇ ಉಳಿದರೆ ಪೆಟ್ರೋಲ್ ಹೆಚ್ಚು. ತಟ್ಟನೆ ನಿಂತುಹೋಗುವಂತಾದರೆ ಕಡಿಮೆ. ಕ್ಷಣ ಏರಿ ಮತ್ತೆ ತನ್ನ ಲಯಕ್ಕೆ ಬಂದರೆ ಸರಿ. ಯಾವ ಮೀಟರೂ ಬೇಡ. ಕೊನೆಯ ತೀರ್ಮಾನ ಬಾಟಲಿಯಲ್ಲಿ: ಟ್ಯಾಂಕಿನ ಪೈಪು ಕಳಚಿ, ಅಳೆದ ಒಂದು ಲೀಟರ್ ಪೆಟ್ರೋಲನ್ನು ನೇರ ಪಂಪಿಗೆ ಕೊಟ್ಟು, ಗಿರಾಕಿಯನ್ನೇ ಕೂರಿಸಿಕೊಂಡು ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಗಾಡಿ ತಾನಾಗಿ ನಿಲ್ಲುವವರೆಗೆ ಓಡಿಸುವುದು. ಗಿರಾಕಿಯ ಕಣ್ಣೆದುರೇ ಸಿಕ್ಕ ಆ ಅಂಕಿಯ ಮೇಲೆ ಚರ್ಚೆಯೇ ಇರುತ್ತಿರಲಿಲ್ಲ. ಅದೂ ಕೆಟ್ಟದಾಗಿ ಬಂದರೆ ಅನುಮಾನ ಬಂಕಿನ ಮೇಲೆ. ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ಬಿಟ್ಟರೆ ಶುದ್ಧ ಪೆಟ್ರೋಲ್ ಕಲೆ ಉಳಿಸದೆ ಆರುತ್ತದೆ, ಸೀಮೆಎಣ್ಣೆ ಬೆರೆತದ್ದು ಕಲೆ ಬಿಡುತ್ತದೆ.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಶತಮಾನ ತಿರುಗುವ ಹೊತ್ತಿಗೆ ಇಂಜೆಕ್ಷನ್ ಬಂದು, ಗಾಳಿಯ ಒತ್ತಡವನ್ನು ಸೆನ್ಸರೇ ಅಳೆಯತೊಡಗಿತು. ಬೆಂಗಳೂರಿನ ಎತ್ತರಕ್ಕೆ ಪ್ರತ್ಯೇಕ ಜೆಟ್ ಬೇಕಿಲ್ಲದಾಯಿತು. ಅಂಬಾಸಿಡರ್ ತಯಾರಿಕೆಯೂ 2014ರಲ್ಲಿ ನಿಂತಿತು.

ಆದರೆ ಹಳೆಯ ಲೆಕ್ಕ ಈಗ ತಿರುಗಿ ಬಂದಿದೆ. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲ್‌ನ ಶಾಖ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಜೊತೆಗೆ ಅದರಲ್ಲೇ ಆಮ್ಲಜನಕವಿದೆ. ಅಂದರೆ ಹಳೆಯ ಕಾರ್ಬೊರೇಟರ್‌ಗೆ ಗಾಳಿ ಜಾಸ್ತಿಯಾದಂತೆ. ನಾವು ಚಿಕ್ಕದು ಮಾಡಿದ ಜೆಟ್ಟನ್ನು ಈಗ ಮತ್ತೆ ಕಂಪನಿಯ ಅಳತೆಗೆ, ಕೆಲವೊಮ್ಮೆ ಅದಕ್ಕೂ ಮೇಲೆ ಒಯ್ಯಬೇಕಾಗಿದೆ. ನಿಮ್ಮ ಮನೆಯಲ್ಲಿ ಫಿಯೆಟ್ಟೋ ಅಂಬಾಸಿಡರೋ ಇದ್ದರೆ ದಯವಿಟ್ಟು ಹಳೆಯ ರಬ್ಬರ್ ಪೈಪುಗಳನ್ನು ಬದಲಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಿ, ಹಿತ್ತಾಳೆಯ ಮೂಲ ಜೆಟ್ಟನ್ನು ಮಾತ್ರ ಯಾವ ಕಾರಣಕ್ಕೂ ಗುಜರಿಗೆ ಹಾಕಬೇಡಿ.