ಮರದ ಬಟ್ಟಲಿನ ನೀಲಿ

ಹೊನ್ನೆಮರದ ಲೋಟದಲ್ಲಿ ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುವ ಸಕ್ಕರೆ ಕಾಯಿಲೆಯವರನ್ನು ತಾವು ಕಂಡಿರಬಹುದು. ನೀರು ಕಂದಾಗಿರುತ್ತದೆ, ಬಿಸಿಲಿಗೆ ಹಿಡಿದರೆ ಅದರಲ್ಲೊಂದು ನೀಲಿಯ ಛಾಯೆ ಸುಳಿಯುತ್ತದೆ. ಕಾಯಿಲೆಗೆ ಅದು ಮದ್ದು ಹೌದೋ ಅಲ್ಲವೋ ಎಂಬುದು ವೈದ್ಯರಿಗೆ ಬಿಟ್ಟ ಮಾತು. ಕನ್ನಡ ಪಾಠ ಹೇಳಿಕೊಂಡು ಬಂದ ನನ್ನಂಥವನ ಕುತೂಹಲ ಆ ನೀಲಿಯ ಚರಿತ್ರೆಯಲ್ಲಿ.

ಸ್ಪೇನ್ ದೇಶದ ಸೆವಿಲ್ ನಗರದ ವೈದ್ಯ ನಿಕೊಲಾಸ್ ಮೊನಾರ್ಡೆಸ್ 1565ರಲ್ಲಿ ಮೆಕ್ಸಿಕೋದಿಂದ ಬರುತ್ತಿದ್ದ ಮರವೊಂದನ್ನು ವರ್ಣಿಸಿದ. ಮೂತ್ರಪಿಂಡದ ಬೇನೆಗೆ ಅದರ ಚಕ್ಕೆಗಳನ್ನು ನೆನೆಹಾಕಿದ ನೀರನ್ನು ಕೊಡುತ್ತಿದ್ದರು. ಈ ಮದ್ದು ಅವನು ಕಂಡುಹಿಡಿದದ್ದಲ್ಲ. ಮೆಕ್ಸಿಕೋದ ನಾಹುವಾ ಜನರಿಗೆ ಅದು ಮೊದಲೇ ತಿಳಿದಿತ್ತು, ಅವರ ಭಾಷೆಯಲ್ಲಿ ಮರಕ್ಕೆ ಹೆಸರೂ ಇತ್ತು. ಆದರೂ ಈ ಕಥೆಯನ್ನು ಮೊನಾರ್ಡೆಸನಿಂದಲೇ ಆರಂಭಿಸುವುದು ವಾಡಿಕೆಯಾಗಿಬಿಟ್ಟಿದೆ. ಅಚ್ಚಾದದ್ದೇ ಮೊದಲು ಎಂಬ ಭ್ರಮೆ ನಮ್ಮ ಸಾಹಿತ್ಯ ಚರಿತ್ರೆಯಲ್ಲೂ ಇಲ್ಲದಿಲ್ಲ.

ಬೇಡಿಕೆ ಹೆಚ್ಚಿದಂತೆ ಬೇರೆ ಮರದ ಚಕ್ಕೆಗಳನ್ನು ಮಾರಿ ರೋಗಿಗಳನ್ನು ವಂಚಿಸುವವರೂ ಹುಟ್ಟಿಕೊಂಡರು. ನೀರು ನೀಲಿಗಟ್ಟದಿದ್ದರೆ ಮರ ನಕಲಿ ಎಂಬುದೇ ಆಗಿನ ಪರೀಕ್ಷೆ. 1664ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಆಮ್ಲ ಬೆರೆಸಿದರೆ ಆ ನೀಲಿ ಅಡಗುತ್ತದೆ, ಕ್ಷಾರ ಬೆರೆಸಿದರೆ ಮರಳುತ್ತದೆ ಎಂದು ಕಂಡು, ದ್ರವಗಳ ಹುಳಿಯನ್ನು ಅರಿಯಲು ಇದೇ ಸಾಧನವಾಗಬಹುದೆಂದು ಸೂಚಿಸಿದ. ಬೆಳಕು ನಂದಿದ್ದನ್ನು ನೋಡಿ ಕಾಣದ ವಸ್ತುವನ್ನು ಗುರುತಿಸುವ ಉಪಾಯ ಅಂದೇ ಕೈಗೆ ಸಿಕ್ಕಿತ್ತು.

ಕಾಲಕ್ರಮದಲ್ಲಿ ಆ ಮರ ಯಾವುದೆಂಬುದೇ ಮರೆತುಹೋಯಿತು. 1915ರಲ್ಲಿ ಸ್ಯಾಫರ್ಡ್ ಎಂಬ ಅಮೆರಿಕದ ಸಸ್ಯವಿಜ್ಞಾನಿ, ಒಂದೇ ಹೆಸರಿನಲ್ಲಿ ಎರಡು ಮರಗಳು ಬೆರೆತಿದ್ದುದನ್ನು ಬಿಡಿಸಿಟ್ಟ: ಒಂದು ಮೆಕ್ಸಿಕೋದ್ದು, ಇನ್ನೊಂದು ಫಿಲಿಪೀನ್ಸಿನದು. ಈ ಎರಡನೆಯದು ನಮ್ಮ ಹೊನ್ನೆಯ ಕುಲಕ್ಕೇ ಸೇರಿದ್ದು! ನೀಲಿ ಸೂಸುವ ವಸ್ತು ಮೆಕ್ಸಿಕೋ ಮರದಲ್ಲಿ ಸಿದ್ಧವಾಗಿರುವುದಿಲ್ಲ, ತುಸು ಕ್ಷಾರವಿರುವ ನೀರಿನಲ್ಲಿ ನೆನೆದಾಗ ಉಂಟಾಗುತ್ತದೆ ಎಂಬುದು ತಿಳಿದದ್ದು 2009ರಲ್ಲಿ.

ಈ ಗುಣಕ್ಕೆ ‘ಫ್ಲೋರೆಸೆನ್ಸ್’ ಎಂಬ ಹೆಸರಿಟ್ಟವನು ಸ್ಟೋಕ್ಸ್, 1852ರಲ್ಲಿ. ನಾವು ಪ್ರತಿದೀಪ್ತಿ ಎನ್ನುತ್ತೇವೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಕ್ವಿನೈನ್ ದ್ರಾವಣ ನುಂಗಿ ಕಾಣುವ ನೀಲಿಯಾಗಿ ಹೊರಬಿಡುತ್ತದೆಂದು ಆತ ತೋರಿಸಿದ. 1877ರಲ್ಲಿ ಜರ್ಮನಿಯಲ್ಲಿ, ಡಾನ್ಯೂಬ್ ನದಿಯ ನೀರು ಇಂಗುವ ಕಡೆ ಸುಮಾರು 10 ಕಿಲೋ ಪ್ರತಿದೀಪ್ತ ಬಣ್ಣವನ್ನು ಸುರಿದರು. ಸುಮಾರು ಅರವತ್ತು ಗಂಟೆಗಳ ಬಳಿಕ, ಹತ್ತು ಕಿಲೋಮೀಟರಿಗೂ ಆಚೆಯ ಆಹ್ ಊಟೆಯಲ್ಲಿ ನೀರು ಹಸಿರಾಗಿ ಹೊಳೆಯುತ್ತ ಹೊರಬಂದಿತು. ನೆಲದೊಳಗಿನ ಗುಪ್ತಗಾಮಿನಿ ಸಿಕ್ಕಿಬಿದ್ದಿತ್ತು.

ಈಗಿನ ಬಣ್ಣಗಳು ಮರದಿಂದ ಬಂದವಲ್ಲ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ನ್ಯಾನೊಮೀಟರು. ಅಂಥ ಎರಡರಿಂದ ಹತ್ತು ನ್ಯಾನೊಮೀಟರಿನ ಕಣಗಳೇ ಕ್ವಾಂಟಮ್ ಚುಕ್ಕೆಗಳು. ವಸ್ತು ಒಂದೇ, ಗಾತ್ರ ಬದಲಾದಂತೆ ಬಣ್ಣ ಬೇರೆ. ಕಿರಿದು ನೀಲಿಯತ್ತ, ಹಿರಿದು ಕೆಂಪಿನತ್ತ. ಎಕಿಮೋವ್, ಬ್ರೂಸ್, ಬಾವೆಂಡಿ ಮೂವರಿಗೂ ಇದಕ್ಕಾಗಿ 2023ರ ನೊಬೆಲ್ ಸಂದಿತು. 1998ರಲ್ಲೇ ಇವನ್ನು ಜೀವಕೋಶಗಳ ಗುರುತಿಗೆ ಬಳಸಿದ ಎರಡು ಪ್ರಬಂಧಗಳು ಹೊರಬಂದಿದ್ದವು.

ಆದರೆ ಒಂದು ತೊಡಕು. ಇವುಗಳಲ್ಲಿ ಹೆಸರಾದವು ಕ್ಯಾಡ್ಮಿಯಮ್‌ನಿಂದ ಆದವು, ಅದೋ ವಿಷ. ನೀರಿನ ವಿಷವನ್ನು ಹುಡುಕಲು ಇನ್ನೊಂದು ವಿಷವನ್ನು ಕಳಿಸುವುದು ನನಗೆ ಹಿತವೆನಿಸದು. 2004ರಲ್ಲಿ ಮಸಿಯನ್ನು ಶೋಧಿಸುವಾಗ ಆಕಸ್ಮಿಕವಾಗಿ ದೊರೆತ ಇಂಗಾಲದ ಚುಕ್ಕೆಗಳು ಆ ಮಟ್ಟಿಗೆ ಸೌಮ್ಯ. ಪಾದರಸವೋ ಕಬ್ಬಿಣವೋ ಸೋಕಿದರೆ ಅವುಗಳ ಬೆಳಕು ಕುಂದುತ್ತದೆ. ಬಾಯ್ಲ್ ಕಂಡದ್ದೂ ಇಂಥದ್ದನ್ನೇ. ಕುಂದಿಸಿದವರು ಯಾರೆಂದು ಮಾತ್ರ ಬೆಳಕು ತಾನಾಗಿ ಹೇಳದು. ಹೊಳೆಯ ನೀರಂತೂ ಕೊಳೆತ ಎಲೆಯ ಸಾರದಿಂದ ತಾನೇ ತುಸು ನೀಲಿಯಾಗಿ ಹೊಳೆಯುತ್ತದೆ. ಪರೀಕ್ಷಕರು ಮೊದಲು ಆ ನೀಲಿಯನ್ನು ಕಳೆದು, ಆಮೇಲೆ ಲೆಕ್ಕ ಹಾಕಬೇಕು.