ಕೊಂಡಿ

ಚೇಳಿನ ಬಾಲದ ತುದಿಯಲ್ಲಿ ಇರುವುದು ಕೊಂಡಿ. ಬಾಗಿಲಿಗೆ ಹಾಕುವುದು, ಕತ್ತಿನ ಸರವನ್ನು ಕೂಡಿಸುವುದು, ಸರಪಳಿಯ ಒಂದೊಂದು ಬಳೆ, ಇವೂ ಕೊಂಡಿಯೇ. ತಮಿಳು, ತೆಲುಗಿನಲ್ಲೂ ಕೊಕ್ಕೆ ಎಂಬ ಅರ್ಥದಲ್ಲಿ ಪದ ಬದುಕಿದೆ. ಬಿಜ್ಜಳನ ಬಳಿ ಬಸವಣ್ಣನವರ ಮೇಲೆ ಚಾಡಿ ಹೇಳಿದನೆಂದು ಶರಣರ ಕಥೆಗಳು ದೂರುವ ಮಂಚಣ್ಣ ‘ಕೊಂಡಿ ಮಂಚಣ್ಣ’ನಾಗಿ ಉಳಿದ, ಅಲ್ಲಿ ಪದಕ್ಕೆ ಚಾಡಿಯ ವಿಷವೇರಿದೆ. ಹಿರಿಯರು ತೀರಿಕೊಂಡರೆ ಪತ್ರಿಕೆಗಳು ‘ಕೊಂಡಿ ಕಳಚಿತು’ ಎನ್ನುತ್ತವೆ. ಇಳಕಲ್ ಸೀರೆಯ ಒಡಲನ್ನೂ ಎರಡು ಅಂಚುಗಳನ್ನೂ ಮೂರು ಲಾಳಿಗಳಿಂದ ಹೆಣೆದು ಸೇರಿಸುವ ನೇಯ್ಗೆಗೂ ಕೊಂಡಿ ಎಂದೇ ಹೆಸರು. ಈಚೆಗೆ ಅಂತರ್ಜಾಲದ ಲಿಂಕ್ ಕೂಡ ಕೊಂಡಿಯಾಯಿತು.

ಇಷ್ಟು ಬಾಳಿದ ಪದಕ್ಕೆ ಇನ್ನೊಂದು ಕೆಲಸ ಕಾದಿದೆ. 1920ರಲ್ಲಿ ಮಾರ್ಗನ್ ಮತ್ತು ಡ್ರೂ ಎಂಬ ಬ್ರಿಟಿಷ್ ರಸಾಯನವಿಜ್ಞಾನಿಗಳು ಲೋಹದ ಅಯಾನನ್ನು ಎರಡು ಮೂರು ಕಡೆಯಿಂದ ಹಿಡಿಯುವ ಅಣುಗಳಿಗೆ ‘ಕೀಲೇಟ್’ ಎಂಬ ವಿಶೇಷಣ ಕೊಟ್ಟರು. ಗ್ರೀಕ್ ಮೂಲದಲ್ಲಿ ಅದು ಏಡಿಯ ಹಿಡಿಗಾಲು. ಪಾಲಿಮರ್ ಎಂದರೆ ಉದ್ದನೆಯ ಅಣುಸರಪಳಿ ಎಂದು ಜರ್ಮನಿಯ ಸ್ಟಾಡಿಂಗರ್ ವಾದ ಹೂಡಿದ್ದೂ ಅದೇ ವರ್ಷ. ಮುಂದೆ ಎರಡೂ ಕೂಡಿದವು: ಪಾಲಿಸ್ಟೈರೀನ್ ಮಣಿಗಳ ಮೈತುಂಬ ಇಂಥ ಹಿಡಿಗಾಲುಗಳನ್ನು ಕೂರಿಸಿದರು. ಈ ಮಣಿಗಳ ರಾಳವನ್ನು (ರೆಸಿನ್) ಕೊಂಡಿರಾಳ ಎಂದು ಕರೆಯೋಣ ಎನ್ನುವುದು ನನ್ನ ಆಸೆ. ಇಮಿನೋಡೈಅಸಿಟೇಟ್ ಎಂಬ ಸಾಮಾನ್ಯ ಬಗೆಯಲ್ಲಿ ಒಂದು ಸಾರಜನಕ, ಎರಡು ಆಮ್ಲಜನಕ ಸೇರಿ ತಾಮ್ರವನ್ನು ಹಿಡಿಯುತ್ತವೆ. ಇಳಕಲ್ಲಿನ ಲಾಳಿಗಳ ಹಾಗೆ ಇಲ್ಲೂ ಮೂರು!

ನೀರಿನಲ್ಲಿರುವ ಲೋಹವನ್ನು ಹೀಗೆ ಹಿಡಿಯುವ ಗುಣ ಕೈಗಾರಿಕೆಗಳಿರುವ ದೊಡ್ಡಬಳ್ಳಾಪುರದ ಕಡೆ ಬೇಕಾದದ್ದು. ಇಲ್ಲಿನ ಬೋರ್‌ವೆಲ್ ನೀರು ಗಡಸು. ಸಾಫ್ಟ್‌ನರ್‌ನಲ್ಲಿ ಹಾಕುವ ಮಾಮೂಲಿ ರಾಳ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿಯುವುದರಲ್ಲೇ ತುಂಬಿಹೋಗುತ್ತದೆ. ಕೊಂಡಿರಾಳ ಅವುಗಳ ನಡುವೆಯೂ ತಾಮ್ರ, ನಿಕ್ಕಲ್, ಸೀಸಗಳನ್ನು ಆರಿಸಿ ಹಿಡಿಯಬಲ್ಲದು. ಏಡಿ, ಸಿಗಡಿಗಳ ಚಿಪ್ಪಿನ ಕೈಟಿನ್‌ನಿಂದ ತಯಾರಾಗುವ ಕೈಟೋಸಾನ್ ಕೂಡ ಲೋಹ ಹಿಡಿಯುವ ಪಾಲಿಮರ್. ಕೀಲೇಟ್‌ಗೆ ಹೆಸರು ಕೊಟ್ಟ ಪ್ರಾಣಿಯೇ ವಸ್ತುವನ್ನೂ ಕೊಟ್ಟಿದೆ ಎಂದು ಓದಿದಾಗ ಹಿಗ್ಗಿದೆ.

ಹಾಕಿದ ಕೊಂಡಿಯನ್ನು ತೆಗೆಯಲೂಬಹುದು. ಆಮ್ಲ ಹಾಯಿಸಿದರೆ ರಾಳ ಲೋಹವನ್ನು ಬಿಟ್ಟುಕೊಟ್ಟು ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತದೆ. ಅದೇ ಕಾರಣಕ್ಕೆ, ಒಳಬರುವ ನೀರೇ ಹುಳಿಯಾಗಿದ್ದರೆ ಹಿಡಿತ ಕೂರುವುದಿಲ್ಲ. ಮೊದಲು ಹುಳಿ ತಗ್ಗಿಸಬೇಕು.

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ಪಾತ್ರದ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ನಗರದ ಒಳಚರಂಡಿ, ಕೈಗಾರಿಕಾ ಪ್ರದೇಶದ ತ್ಯಾಜ್ಯ ಸೇರುತ್ತಿದೆಯೆಂದು ಸುತ್ತಲ ಹಳ್ಳಿಯವರು ಬೀದಿಗಿಳಿದು ಕೇಳುತ್ತಲೇ ಬಂದಿದ್ದಾರೆ. ಅವರ ಕೇಳಿಕೆ ನ್ಯಾಯವಾದದ್ದು. ಎಲ್ಲ ಕೊಳೆಯೂ ಬೆರೆತ ಕೆರೆಗೆ ರಾಳದ ಮಣಿ ಸುರಿದು ಫಲವಿಲ್ಲ. ಲೋಹಲೇಪನದ ತೊಟ್ಟಿಯ ನೀರು ಬೇರೆ ನೀರಿಗೆ ಸೇರುವ ಮುನ್ನವೇ, ಕಾರ್ಖಾನೆಯ ಒಳಗೇ ಕೊಂಡಿ ಬೀಳಬೇಕು. ಆಮ್ಲದಲ್ಲಿ ಬಿಟ್ಟುಬಂದ ನಿಕ್ಕಲ್ ಆಗ ಅದೇ ಕಾರ್ಖಾನೆಯ ಸರಕು.