ಯುದ್ಧಕೈದಿಗಳ ನೆನಪು: ನಂಜನಗೂಡು–ತಿ. ನರಸೀಪುರ ಸೀಮೆ

ಕಪಿಲೆ, ಕಾವೇರಿಗಳ ದಂಡೆಯ ಈ ಸೀಮೆಯಲ್ಲಿ 18ನೆಯ ಶತಮಾನದ ಯುದ್ಧಗಳ ಸೆರೆಯಾಳುಗಳ ಕತೆ ಹೆಚ್ಚಾಗಿ ಕೊನೆಗೆ ಮುಟ್ಟುವುದು ಶ್ರೀರಂಗಪಟ್ಟಣದ ಕೋಟೆಗೆ. ಅಲ್ಲಿ ಪ್ರವಾಸಿಗರು ನೋಡುವುದು ಕರ್ನಲ್ ಬೇಲಿಯ ಹೆಸರಿನ ಬಂದೀಖಾನೆ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಮೈಸೂರಿನ ಹೈದರ್ ಅಲಿ ಮತ್ತು ಅವನ ಮಗ ಟಿಪ್ಪುವಿನ ಸೈನ್ಯಕ್ಕೆ ಸೋತು ಸಿಕ್ಕಿಬಿದ್ದ, ಇಂಗ್ಲಿಷರ ಪಡೆಯ ವಿಲಿಯಂ ಬೇಲಿ 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಅವನ ಜೊತೆಯ ಡೇವಿಡ್ ಬೇರ್ಡ್ 1784ರಲ್ಲಿ ಬಿಡುಗಡೆಯಾಗಿ, 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆಯಿಟ್ಟ ಪಡೆಯನ್ನು ಮುನ್ನಡೆಸಿದ. ಜೇಮ್ಸ್ ಬ್ರಿಸ್ಟೋ, ಜೇಮ್ಸ್ ಸ್ಕರ್ರಿಯಂಥವರು ಸೆರೆವಾಸದ ಕತೆಯನ್ನು ಪುಸ್ತಕವಾಗಿಸಿದರು. ಯಾರ ಸೆರೆ ನೆನಪಿನಲ್ಲಿ ಉಳಿಯಿತು ಎಂಬುದನ್ನು ತೀರ್ಮಾನಿಸಿದ್ದು ಸಂಕಟದ ಪ್ರಮಾಣವಲ್ಲ, ಬರವಣಿಗೆ ಮತ್ತು ಗೆಲುವು.

ಈ ಸೀಮೆಗೆ ಹೆಚ್ಚು ಹತ್ತಿರದ ಕೈದಿ ಖಂಡೇರಾವ್. ಹೈದರನ ಕೈಕೆಳಗೆ ಬೆಳೆದು, 1760ರಲ್ಲಿ ಅರಮನೆಯ ಪಕ್ಷ ಹಿಡಿದು ತಿರುಗಿಬಿದ್ದ ಇವನು 1761ರಲ್ಲಿ ನಂಜನಗೂಡಿನ ಬಳಿಯೇ ಹೈದರನನ್ನು ಸೋಲಿಸಿದ್ದ. ಆಮೇಲೆ ಹೈದರನ ತಂತ್ರಕ್ಕೆ ಸಿಕ್ಕಿ ಸೋತ. ಗಿಳಿಯಂತೆ ಸಾಕುತ್ತೇನೆಂದು ಮಾತುಕೊಟ್ಟ ಹೈದರ್, ಅವನನ್ನು ಪಂಜರದಲ್ಲಿಟ್ಟು ಹಾಲು–ಅನ್ನ ಹಾಕಿಸಿದನೆಂಬುದು ಪ್ರಸಿದ್ಧ. 1779ರಲ್ಲಿ ಚಿತ್ರದುರ್ಗದ ಮದಕರಿ ನಾಯಕನೂ ಸೆರೆಯಾಗಿ ಬಂದ. ಅವನ ಸೀಮೆಯಿಂದ ಸಾಗಿಸಿದ ಬೇಡರು ಇಂಗ್ಲಿಷರ ಲೆಕ್ಕದಲ್ಲಿ 20,000. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ ಕರಾವಳಿಯ ಕ್ರೈಸ್ತರು, ಮರುವರ್ಷ ಕೊಡವರು ಸೆರೆಯಾಗಿ ಬಂದರು. ಆದರೆ ಬಂದೀಖಾನೆಗೆ ಉಳಿದದ್ದು ಬೇಲಿಯ ಹೆಸರು.

ಈ ವಾದಕ್ಕೆ ಆಕ್ಷೇಪಗಳಿವೆ. ಪಂಜರದ ಕತೆಯನ್ನು ಹರಡಿದ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಕೂಡ ಇಂಗ್ಲಿಷರ ಕಡೆಯವನೇ, ಹೈದರನನ್ನು ಕ್ರೂರಿಯೆಂದು ತೋರಿಸುವುದು ಅವನಿಗೆ ಬೇಕಿತ್ತು ಎನ್ನಬಹುದು. ಹಾಲು–ಅನ್ನವನ್ನು ಸಂಶಯಿಸಲಿ, ಸೆರೆಯನ್ನು ಅಲ್ಲಗಳೆಯಲಾಗದು. ಕ್ರೈಸ್ತರ ಸಂಖ್ಯೆಯೂ ವಿವಾದದ್ದೇ: ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಹೇಳಿದ 60,000ವನ್ನು ಎಲ್ಲರೂ ಒಪ್ಪುವುದಿಲ್ಲ. ಲೆಕ್ಕ ಅರ್ಧಕ್ಕಿಳಿದರೂ ಅವರೆದುರು ಯೂರೋಪಿನ ಕೈದಿಗಳ ಸಂಖ್ಯೆ ತೀರಾ ಚಿಕ್ಕದು. ಬೇಲಿಯ ನೆನಪು ಇಂಗ್ಲಿಷರದ್ದಷ್ಟೇ ಅಲ್ಲ, ಟಿಪ್ಪುವೇ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಅವನನ್ನು ಪಲ್ಲಕ್ಕಿಯಲ್ಲಿ ಬರೆಸಿದ್ದನಲ್ಲ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಆದರೆ ಆ ಚಿತ್ರ ಪೊಲ್ಲಿಲೂರಿನ ರಣರಂಗದ್ದು, ಗೆಲುವಿನ ಪ್ರದರ್ಶನ; ಸೆರೆಮನೆ ಅದರಲ್ಲಿಲ್ಲ.

1799ರಲ್ಲಿ ಸರದಿ ತಿರುಗಿತು. ಮಾರ್ಚ್ ಕೊನೆಗೆ ಇಂಗ್ಲಿಷರ ಜನರಲ್ ಹ್ಯಾರಿಸ್‌ನ ಸೈನ್ಯ ತಿ. ನರಸೀಪುರದ ಪಕ್ಕದ ಸೋಸಲೆಯಲ್ಲಿ ಕಾವೇರಿ ದಾಟಿತು. ಕೋಟೆ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿನಲ್ಲಿ ಇರಿಸಿ, ಅಲ್ಲಿನ 1806ರ ಸಿಪಾಯಿ ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಲಾಯಿತು.